ಗ್ರಹಣದ ಸೌತೆಕಾಯಿ

ಮಗನ ಬೆನ್ನು ತೋರಿಸಲು ಅಕ್ಕ ಚೆನ್ನೈಗೆ ಬಂದರೆ ಉಳಿಯುವುದು ಗಿಂಡಿಯ ನನ್ನ ಮನೆಯಲ್ಲೇ. ಹುಡುಗನಿಗೆ ಐದು ವರ್ಷ. ಬೆನ್ನುಮೂಳೆಯ ಒಂದು ಮಣಿ ಅರ್ಧವೇ ಬೆಳೆದು ಬೆನ್ನು ಓರೆಯಾಗಿದೆ. ಊರಲ್ಲಿ ಇದಕ್ಕೆ ತೀರ್ಪು ಎಂದೋ ಆಗಿಹೋಗಿದೆ: 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಆರು ತಿಂಗಳ ಬಸುರಿ ಸೌತೆಕಾಯಿ ಹೆಚ್ಚಿದ್ದಳು.

ಅವಳ ಮನಸ್ಸು ಹಗುರ ಮಾಡಬೇಕೆಂದು ಈ ಸಲ ಓದಿಕೊಂಡಿದ್ದೆ. ಭ್ರೂಣದಲ್ಲಿ ಬೆನ್ನುಮೂಳೆಗೆ ಮೂಲವಾಗುವ ಗಂಟುಗಳು ಒಟ್ಟಿಗೆ ಮೂಡುವುದಿಲ್ಲ. ಕತ್ತಿನ ಕಡೆಯಿಂದ ಬಾಲದ ಕಡೆಗೆ, ತಾಳ ಹಾಕಿದಂತೆ, ಜೋಡಿ ಜೋಡಿಯಾಗಿ ಮೂಡುತ್ತವೆ. ಬಾಲದ ತುದಿಯ ಜೀವಕೋಶಗಳಲ್ಲಿ ಕೆಲವು ಜೀನ್‌ಗಳು ಹೊತ್ತಿ ಆರುತ್ತಿರುತ್ತವೆ, ಒಂದು ಸುತ್ತಿಗೆ ಒಂದು ಜೋಡಿ. ಈ ಗಡಿಯಾರ ಕಣ್ಣಿಗೆ ಬಿದ್ದದ್ದು 1997ರಲ್ಲಿ, ಕೋಳಿಯ ಭ್ರೂಣದಲ್ಲಿ. ಕೋಳಿಗೆ 90 ನಿಮಿಷಕ್ಕೊಂದು ಜೋಡಿ, ಇಲಿಗೆ 2 ಗಂಟೆ, ಮನುಷ್ಯರಿಗೆ ಸುಮಾರು 5 ಗಂಟೆ. ನಮ್ಮಲ್ಲಿ ಗರ್ಭ ಕಟ್ಟಿದ ಮೂರನೇ ವಾರ ಶುರುವಾಗಿ ಐದನೇ ವಾರದ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿಯೆಂದೇ ಗೊತ್ತಿರುವುದಿಲ್ಲ.

ಭಾನುವಾರ ಹಾವಿನ ಪಾರ್ಕಿಗೆ ಹೋದೆವು. ಹುಡುಗ ಹೆಬ್ಬಾವಿನ ಗಾಜಿಗೆ ಅಂಟಿಕೊಂಡ. ಅದರ ಬೆನ್ನಲ್ಲಿ ಮುನ್ನೂರಕ್ಕೂ ಹೆಚ್ಚು ಮಣಿ ಎಂದೆ; ಎಣಿಸಲು ನಿಂತ. ಅಷ್ಟರಲ್ಲಿ ಅಕ್ಕನಿಗೆ ನನ್ನ ಲೆಕ್ಕ ಒಪ್ಪಿಸಿದೆ. ಗ್ರಹಣ ಬರುವಷ್ಟರಲ್ಲಿ ಇವನ ಬೆನ್ನಿನ ಗಡಿಯಾರ ನಿಂತು ನಾಲ್ಕು ತಿಂಗಳಾಗಿತ್ತು ಕಣೇ, ಸೌತೆಕಾಯಿಗೂ ಇದಕ್ಕೂ ಸಂಬಂಧವೇ ಇಲ್ಲ.

ಅವಳು ಬೆರಳು ಮಡಚಿ ಎಣಿಸಿದಳು. "ಹಾಗಾದ್ರೆ ಆಗಸ್ಟು. ಆಗ ನಂಗೆ ಜ್ವರ ಬಂದಿತ್ತಲ್ಲೋ. ಗೊತ್ತಿಲ್ದೆ ಮಾತ್ರೆ ನುಂಗ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ."

ನಾನು ಬದಲಿಸಿದ್ದು ಅಪರಾಧದ ತಾರೀಖನ್ನು ಮಾತ್ರ. ಕಟಕಟೆ ಇದ್ದಲ್ಲೇ ಇತ್ತು, ಅವಳೂ ಅದರಲ್ಲೇ.

ನಮ್ಮ ಮಾತಿನಲ್ಲೇ ಈ ತೊಡಕಿದೆ. ಮಳೆಗೆ ಮೋಡ ಕಾರಣ ಅನ್ನುತ್ತೇವೆ. ಅದೇ ಬಾಯಲ್ಲಿ "ಇದಕ್ಕೆಲ್ಲ ನೀನೇ ಕಾರಣ" ಎಂದರೆ ಬೈಗುಳ. ಜ್ವರವೋ, ಜೀನೋ, ಎರಡೂ ಅಲ್ಲವೋ, ಡಾಕ್ಟರು ಏನನ್ನೂ ಬೊಟ್ಟುಮಾಡಿ ಹೇಳಲಿಲ್ಲ; ಇಂಥವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಸಿಗುವುದೇ ಇಲ್ಲವಂತೆ. ಸಿಕ್ಕರೂ ಅದು ಮೋಡದಂಥ ಕಾರಣ. ತಪ್ಪಾಗಬೇಕಾದರೆ ಗೊತ್ತಿರಬೇಕು, ಗೊತ್ತಿದ್ದೂ ಮಾಡಿರಬೇಕು. ಆಗಸ್ಟಿನಲ್ಲಿ ಅವಳಿಗೆ ಗೊತ್ತಿದ್ದದ್ದು ತನಗೆ ಜ್ವರ ಬಂದಿದೆ ಎಂಬುದಷ್ಟೇ.

ಅಕ್ಕನ ಅತ್ತೆಯ ಮೇಲಿದ್ದ ನನ್ನ ಸಿಟ್ಟೂ ಅವತ್ತು ಸ್ವಲ್ಪ ಇಳಿಯಿತು. ಕಾರಣವೇ ಇಲ್ಲದ ಓರೆಬೆನ್ನನ್ನು ದಿನಾ ನೋಡುವುದು ಕಷ್ಟ. ಆಕೆಗೆ ಕೈಗೆ ಸಿಕ್ಕಿದ್ದು ಸೌತೆಕಾಯಿ. ನನ್ನ ಕೈಗೆ ಗಡಿಯಾರ ಸಿಕ್ಕಿತ್ತು.

ಇದನ್ನೆಲ್ಲ ಅಕ್ಕನಿಗೆ ಇನ್ನೂ ಹೇಳಿಲ್ಲ. ಹುಡುಗ ನಲವತ್ತರವರೆಗೆ ಎಣಿಸಿ ಹಸಿವು ಅಂದ. ಮರುದಿನ ಬೆಳಗ್ಗೆ ಎಕ್ಸ್‌ರೇ ಇತ್ತು.