ಕಂಡಿತು ಅನ್ನುವ ಮೊದಲು



ಮದುವೆಯಲ್ಲಿ ಪುರೋಹಿತರು ವಧೂವರರನ್ನು ಹೊರಗೆ ಕರೆತಂದು, ಆಕಾಶಕ್ಕೆ ಕೈ ತೋರಿಸಿ "ಅರುಂಧತಿ ಕಂಡಿತೇ?" ಎಂದು ಕೇಳುತ್ತಾರೆ. ಇಬ್ಬರೂ "ಕಂಡಿತು" ಅನ್ನುತ್ತಾರೆ. ಎಷ್ಟೋ ಮದುವೆಗಳಲ್ಲಿ ಆಗ ಹಗಲು ಹನ್ನೆರಡು ಗಂಟೆ! ನಾನೂ ಹಾಗೇ ತಲೆಯಾಡಿಸಿದವನು. ಕಾಣದ್ದನ್ನು ಕಂಡಿತು ಅನ್ನುವುದು ತಪ್ಪೇ, ಅಲ್ಲವೇ?

ಹಿರಿಯರು ಹೇಳ್ತಾರೆ, ಅದು ಸಂಕೇತವಪ್ಪಾ, ಅರುಂಧತೀ ವಸಿಷ್ಠರಂತೆ ಜೊತೆಯಾಗಿ ಬಾಳಿ ಅಂತ ಅರ್ಥ. ಒಪ್ಪತಕ್ಕ ಮಾತೇ. ಆದರೂ ನಿಜವಾಗಿ ಒಮ್ಮೆ ನೋಡಬೇಕು ಅನ್ನುವ ಆಸೆ ನನಗೆ ಐವತ್ತು ದಾಟಿದ ಮೇಲೆ ಹುಟ್ಟಿತು.

ಒಂದು ಚೈತ್ರ ಅಮಾವಾಸ್ಯೆಯ ರಾತ್ರಿ ರಶೀದಿ ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ. ಟ್ಯೂಬ್‌ಲೈಟಿನಿಂದ ಬಂದ ಕಣ್ಣಿಗೆ ಏನೂ ಕಾಣಲಿಲ್ಲ. ಐದು ನಿಮಿಷಕ್ಕೇ ವಾಪಸ್ಸು ಹೊರಟೆ. ಬೆಟ್ಟಕ್ಕೆ ಬಂದಿದ್ದ ಮೇಷ್ಟ್ರೊಬ್ಬರು ತಡೆದು, "ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು ಸ್ವಾಮಿ. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಳ್ಳಿ" ಅಂದರು.

ಮಾರನೆಯ ರಾತ್ರಿ ಹಾಗೇ ಕೂತೆ. ಉತ್ತರ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲ ಸಿಕ್ಕಿತು. ನಾಲ್ಕು ನಕ್ಷತ್ರ ಚೌಕವಾಗಿ, ಮೂರು ಬಾಲದಂತೆ. ಬಾಲದ ನಡುವಿನದು ವಸಿಷ್ಠ. ಅದರ ಪಕ್ಕದಲ್ಲಿ ಅಂಟಿಕೊಂಡಂತೆ ಸಣ್ಣ ಚುಕ್ಕಿಯೇ ಅರುಂಧತಿ. ಅದು ಕಾಣಲು ನನಗೆ ಮೂರು ರಾತ್ರಿ ಹಿಡಿಯಿತು. ಮೊದಲು ದೊಡ್ಡದನ್ನು ತೋರಿಸಿ, ಅಲ್ಲಿಂದ ಸಣ್ಣದಕ್ಕೆ ಕರೆದೊಯ್ಯುವುದನ್ನೇ ಅರುಂಧತೀ ನ್ಯಾಯ ಅನ್ನುತ್ತಾರೆ. ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಈ ದೃಷ್ಟಾಂತ ಕೊಟ್ಟಿದ್ದಾರೆ.

ಆ ನಕ್ಷತ್ರಗಳ ಬೆಳಕು ನಮ್ಮನ್ನು ಮುಟ್ಟಲು ಸುಮಾರು 80 ವರ್ಷ ಬೇಕಂತೆ. ದೂರದರ್ಶಕದಲ್ಲಿ ವಸಿಷ್ಠವೇ ಎರಡಾಗಿ ಕಾಣುತ್ತದೆ. ಅರುಂಧತಿಗೂ ಮಂಕಾದ ಜೊತೆ ನಕ್ಷತ್ರವೊಂದಿದೆ ಎಂದು ವಿಜ್ಞಾನಿಗಳು 2009ರಲ್ಲಿ ತಿಳಿಸಿದರು. ಕಂಡಾಯಿತು ಎಂದು ಅವರು ಸುಮ್ಮನಾಗಿದ್ದರೆ ಇದು ತಿಳಿಯುತ್ತಿತ್ತೇ?

ಖುಷಿಯಿಂದ ಮನೆಯವಳನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ಒಂದೇ ಕಾಣುತ್ತೆ ಕಣ್ರೀ, ಅದೂ ಮಸುಕು ಮಸುಕು" ಅಂದಳು. "ಸರಿಯಾಗಿ ನೋಡು, ಕಾಣುತ್ತೆ" ಎಂದು ರೇಗಿದೆ. ಆಗ ಮೆಲ್ಲಗೆ ಹೇಳಿದಳು, "ಒಂದು ವರ್ಷದಿಂದ ಹೀಗೇ. ನೀವು ಏನು ತೋರಿಸಿದರೂ ಹೂಂ ಅಂತಿದ್ದೆ. ಖರ್ಚು ಯಾಕೆ ಅಂತ."

ನನ್ನ ಬಾಯಿ ಕಟ್ಟಿತು. ವಾರದಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ.

ಅವಳು ಹೂಂ ಅನ್ನುತ್ತಿದ್ದುದು ನನ್ನ ಮೇಲಿನ ಪ್ರೀತಿಗೇ. ಮದುವೆಯ ದಿನ ನಾವು ತಲೆಯಾಡಿಸಿದ್ದು ಹಿರಿಯರ ಮೇಲಿನ ಗೌರವಕ್ಕೆ. ಎರಡರಲ್ಲೂ ಮೋಸದ ಬುದ್ಧಿ ಇರಲಿಲ್ಲ, ನಿಜ. ಆದರೆ ಹೂಂ ಅಂದ ಕೂಡಲೇ ಇನ್ನೊಬ್ಬರು ಕೇಳುವುದನ್ನು ಬಿಡುತ್ತಾರೆ. ಒಂದು ವರ್ಷ ನಾನು ಕೇಳಲೇ ಇಲ್ಲವಲ್ಲ! ಆದ್ದರಿಂದ "ಇನ್ನೂ ಕಾಣಲಿಲ್ಲ, ತೋರಿಸಿ" ಅನ್ನುವುದರಲ್ಲಿ ಅಗೌರವವಿಲ್ಲ. ಹಾಗೆ ಅಂದವರ ಮೇಲೆ ನನ್ನಂತೆ ರೇಗುವುದೇ ತಪ್ಪು.

ಒಂದು ಕಣ್ಣಿನ ಆಪರೇಷನ್ ಆಗಿದೆ. ಇನ್ನೊಂದು ಆದ ಮೇಲೆ, ಬರುವ ಚೈತ್ರದಲ್ಲಿ ಮತ್ತೆ ಜೊತೆಯಾಗಿ ನೋಡಬೇಕು. ಈ ಸಲ ಅವಳು ಹೇಳುವ ತನಕ ನಾನು ಬಾಯಿ ಬಿಡುವುದಿಲ್ಲ.

ಚೈತ್ರ, ವೈಶಾಖದಲ್ಲಿ ಬೆಟ್ಟದಲ್ಲಿ ತಂಗುವವರು ರಾತ್ರಿ 9 ಗಂಟೆಯ ಮೇಲೆ ದೀಪಗಳಿಂದ ದೂರ, ಉತ್ತರಕ್ಕೆ ಮುಖ ಮಾಡಿ ಕೂರಿ. ಕಂಡರೆ ಕಂಡಿತು ಅನ್ನಿ. ಕಾಣದಿದ್ದರೆ ಪಕ್ಕದವರನ್ನು ಕೇಳಿ. ಎಲ್ಲರಿಗೂ ಶುಭವಾಗಲಿ.