ಬೇರು-ತೊಪ್ಪಲಿಗೂ ಸರಕಾರದ ಕಾಯ್ದೆ ಬೇಕೇ?



ಕಳೆದ ಜಾತ್ರೆಯ ಲೆಕ್ಕಪತ್ರ ಬರೆಯುವಾಗ ಒಂದು ಪಾವತಿಯ ಹತ್ತಿರ ನನ್ನ ಕೈ ನಿಂತಿತು. ಗಿಡಮೂಲಿಕೆ ಔಷಧಿಯ ಅಂಗಡಿಯವನಿಂದ ಮೂರು ದಿನದ ಜಾಗದ ಬಾಡಿಗೆ ಜಮಾ. ಹಣ ಬಂದಿದೆ, ಪಾವತಿ ಹರಿದಿದೆ, ಲೆಕ್ಕ ಸರಿಯಾಗಿದೆ. ಆದರೆ ಅದೇ ಅಂಗಡಿಯಲ್ಲಿ ಸಕ್ಕರೆ ಬೇನೆಯ ಪುಡಿ ಕೊಂಡ ನಮ್ಮ ಶಿರೋಳ ಭಾಗದ ಕಬ್ಬಿನ ರೈತರೊಬ್ಬರು, ಡಾಕ್ಟರರು ಕೊಟ್ಟ ಗುಳಿಗೆ ಬಿಟ್ಟು ಅದನ್ನೇ ಸೇವಿಸಿದರು. ಕಾಲಿನ ಗಾಯ ಮಾಯದೆ ದವಾಖಾನೆ ಸೇರಿದರು. ನೋಡಲು ಹೋದಾಗ ಅವರು ಅಂದದ್ದು ಒಂದೇ ಮಾತು: "ಮಠದ ಅಂಗಳದಾಗ ಮಾರಾಕತ್ತಿದ್ರು, ಅದಕ್ಕ ನಂಬಿದೆರಿ." ಡಬ್ಬಿ ತಿರುಗಿಸಿ ನೋಡಿದೆ. ತಯಾರಿಸಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಬ್ಯಾಚ್ ನಂಬರಿಲ್ಲ. ಒಂದು ಮೊಬೈಲ್ ನಂಬರಿತ್ತು, ಅದೂ ಬಂದಾಗಿತ್ತು.

ಕಮಿಟಿಯಲ್ಲಿ ಈ ವಿಷಯ ಬಂದಾಗ ಹಿರಿಯರೊಬ್ಬರು ಕೇಳಿದರು: "ನಮ್ಮ ಅಜ್ಜಿ ಅಮೃತಬಳ್ಳಿ ಅರೆದು ಕೊಡುವಾಗ ಯಾವ ಇನ್‌ಸ್ಪೆಕ್ಟರ್ ಬಂದಿದ್ದ?" ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆದರೆ ಅಜ್ಜಿ ಬಳ್ಳಿಯನ್ನು ತಾನೇ ಹರಿದು ತರುತ್ತಿದ್ದಳು, ಮೊಮ್ಮಗನ ಪ್ರಕೃತಿ ಬಲ್ಲವಳಾಗಿದ್ದಳು, ಹೆಚ್ಚುಕಡಿಮೆಯಾದರೆ ರಾತ್ರಿಯಿಡೀ ಹಾಸಿಗೆಯ ಪಕ್ಕ ಕೂಡುತ್ತಿದ್ದಳು. ವೈದ್ಯವನ್ನೇ ಕಾಯಕ ಮಾಡಿಕೊಂಡ ವೈದ್ಯ ಸಂಗಣ್ಣನವರಂಥ ಶರಣರಿಗೂ ರೋಗಿ ಎದುರಿಗೇ ಇದ್ದ. ಡಬ್ಬಿಯ ಪುಡಿಗೆ ಮುಖವಿಲ್ಲ. ಆ ಮುಖವನ್ನು ಲೇಬಲ್ಲಿನ ಮೇಲೆ ಬರೆಸುವುದೇ ಕಾಯ್ದೆಯ ಕೆಲಸ ಎಂದು ನಾನು ತಿಳಿದಿದ್ದೇನೆ.

ಕಾಯ್ದೆಯೂ ಈ ಭೇದವನ್ನು ಬಲ್ಲದು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಗೆ ಆಯುರ್ವೇದ ಔಷಧಿಗಳ ಪ್ರತ್ಯೇಕ ಅಧ್ಯಾಯ ಸೇರಿದ್ದು 1964ರ ತಿದ್ದುಪಡಿಯಿಂದ. ತನ್ನ ರೋಗಿಗೆ ತಾನೇ ಔಷಧಿ ತಯಾರಿಸಿ ಕೊಡುವ ವೈದ್ಯನಿಗೆ ಅದರಲ್ಲಿ ರಿಯಾಯಿತಿ ಇದೆ. ಪೇಟೆಗೆ ಮಾಡಿ ಮಾರುವವನಿಗೆ ಮಾತ್ರ ಲೈಸೆನ್ಸ್ ಬೇಕು. ಸಕ್ಕರೆ ಬೇನೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಇನ್ನೊಂದು ಕಾಯ್ದೆ ನಿಷೇಧಿಸಿದೆ. ಇನ್ನು ಆಹಾರ ಪೂರಕವೆಂದು ಮಾರುವ ಪುಡಿ, ಗುಳಿಗೆಗಳು 2006ರ ಆಹಾರ ಸುರಕ್ಷತಾ ಕಾಯ್ದೆಗೆ ಬರುತ್ತವೆ. ಅವುಗಳ ಮೇಲೆ ಔಷಧಿಯಾಗಿ ಬಳಸತಕ್ಕದ್ದಲ್ಲ ಎಂದು ಬರೆದಿರಬೇಕು. ಒಂದೇ ಡಬ್ಬಿ ಬಾಯಿಮಾತಿನಲ್ಲಿ ಔಷಧಿ, ಕಾಗದದಲ್ಲಿ ಆಹಾರ ಆಗಿರುವುದನ್ನು ನಮ್ಮ ಪೇಟೆಗಳಲ್ಲಿ ಯಾರು ಬೇಕಾದರೂ ನೋಡಬಹುದು.

ರೈತ ಬಾಂಧವರಿಗೆ ಒಂದು ಮಾತು. ಬೀಜ, ಗೊಬ್ಬರ, ಕೀಟನಾಶಕ ಮಾರುವವನು ಸರಕಾರದ ಪರವಾನಗಿ ಪಡೆಯಲೇಬೇಕು. ಗೊಬ್ಬರ ಬೋಗಸ್ ಬಂದರೆ ನಾವು ಕೃಷಿ ಖಾತೆಯ ಬಾಗಿಲಿಗೆ ಹೋಗಿ ಗದ್ದಲ ಮಾಡುತ್ತೇವೆ, ಬಿಲ್ಲು ತೋರಿಸುತ್ತೇವೆ. ಆಯುರ್ವೇದ ಔಷಧಿಯ ತಯಾರಿಕೆಗೆ ಲೈಸೆನ್ಸ್ ಬೇಕು, ಮಾರಾಟಕ್ಕೆ ಬೇಕಾಗಿಲ್ಲ. ಕಬ್ಬಿನ ಬುಡಕ್ಕೆ ಹಾಕುವ ಪುಡಿಗಿರುವ ಕಾವಲು ಹೊಟ್ಟೆಗೆ ಹಾಕುವ ಪುಡಿಗೆ ಇಲ್ಲ. ಬೇರು-ತೊಪ್ಪಲು ಅಪಾಯ ಮಾಡುವುದಿಲ್ಲವೆಂಬ ನಂಬಿಗೆ ಇದಕ್ಕೆ ಕಾರಣವಾಗಿರಬಹುದು. ಎಕ್ಕೆ, ಉಮ್ಮತ್ತಿಗಳೂ ಬೇರು-ತೊಪ್ಪಲೇ ಅಲ್ಲವೇ? ಮೇಲಾಗಿ ಕೀಲುನೋವಿನ ಪುಡಿಗಳಲ್ಲಿ ಗುಟ್ಟಾಗಿ ಸ್ಟೆರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ.

2004ರಲ್ಲಿ ಅಮೇರಿಕದ ಬೋಸ್ಟನ್ ಪ್ರದೇಶದ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಕಂಡಿತು. ಆ ಮೇಲೆ ನಮ್ಮ ಸರಕಾರ 2006ರ ಜನವರಿಯಿಂದ ರಫ್ತಾಗುವ ಗಿಡಮೂಲಿಕೆ ಔಷಧಿಗಳಿಗೆ ಈ ಪರೀಕ್ಷೆ ಕಡ್ಡಾಯ ಮಾಡಿತು. ಪರದೇಶದ ಗಿರಾಕಿ ಕೇಳಿದ, ಪಡೆದ. ಜಾತ್ರೆಯ ಗಿರಾಕಿ ಕೇಳಲಿಲ್ಲ.

ಹಾಗೆಂದು ಕಾಯ್ದೆಯೊಂದೇ ಸಾಕೆಂದು ಹೇಳಲಾರೆ. ಪ್ರಾಮಾಣಿಕವಾಗಿ ಎಣ್ಣೆ, ಚೂರ್ಣ ಮಾಡುವ ಸಣ್ಣ ತಯಾರಕನಿಗೆ ಪ್ರಯೋಗಶಾಲೆಯ ಖರ್ಚು ದೊಡ್ಡ ಹೊರೆ. ದೊಡ್ಡ ಕಂಪನಿ ಅದೇ ಖರ್ಚನ್ನು ಜಾಹೀರಾತಿನಲ್ಲಿ ತೆಗೆದುಕೊಳ್ಳುತ್ತದೆ. ಸಣ್ಣವರು ತಾಲೂಕಿಗೊಂದರಂತೆ ಕೂಡಿ ಪರೀಕ್ಷೆ ಮಾಡಿಸಿಕೊಳ್ಳಲು ಸರಕಾರ ನೆರವಾಗಬೇಕು. ಇನ್ನು ಗಡಿಯ ಆ ಕಡೆಯ ಮಾಲಿಗೆ ಈ ಕಡೆ ಕೇಳುವವರಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕಾಯ್ದೆ ಕೇಂದ್ರದ್ದು, ಮಾಲು ಎಲ್ಲಿಂದ ಬಂದರೂ ಇಲ್ಲಿ ಮಾರಿದ್ದರ ದೂರನ್ನು ಮಹಾರಾಷ್ಟ್ರದ ಅನ್ನ ಮತ್ತು ಔಷಧ ಆಡಳಿತದ ಕೊಲ್ಹಾಪುರ ಕಚೇರಿಗೆ ಕೊಡಬಹುದು. ಡಬ್ಬಿ ಮತ್ತು ಬಿಲ್ಲು ಮಾತ್ರ ಕೈಯಲ್ಲಿರಬೇಕು. ಜಯಸಿಂಗಪುರ, ಇಚಲಕರಂಜಿ, ಗಡಹಿಂಗ್ಲಜದ ವ್ಯಾಪಾರಿ ಬಾಂಧವರು ಬಿಲ್ಲಿಲ್ಲದ ಇಂಥ ಮಾಲನ್ನು ಕಟ್ಟೆಗೆ ಹತ್ತಿಸಬಾರದೆಂದು ವಿನಂತಿ. ಕಮಿಷನ್ ಎಷ್ಟೆಂಬುದು ನನಗೂ ಗೊತ್ತಿದೆ.

ಮುಂದಿನ ಜಾತ್ರೆಯಿಂದ ಔಷಧಿಯ ಅಂಗಡಿಯವರು ತಯಾರಕರ ಲೈಸೆನ್ಸಿನ ನಕಲು ಮತ್ತು ಖರೀದಿ ಬಿಲ್ಲು ತೋರಿಸದ ಹೊರತು ಜಾಗ ಕೊಡಬಾರದೆಂದು ಕಮಿಟಿ ಠರಾವು ಮಾಡಿದೆ. ಬಾಡಿಗೆಯ ಜಮೆ ಕಡಿಮೆಯಾದೀತೆಂದು ಇಬ್ಬರು ಸದಸ್ಯರು ಹೇಳಿದರು, ಅದು ನಿಜ. ಆ ರೈತರು ಈಗ ಮನೆಗೆ ಬಂದಿದ್ದಾರೆ, ಎರಡು ಬೆರಳು ಹೋಗಿವೆ. ದವಾಖಾನೆಯ ಖರ್ಚಿಗೆಂದು ಅಂಗಡಿಯ ಬಾಡಿಗೆ ಹಣ ಕೊಡಹೋದರೆ "ಮಠದ ರೊಕ್ಕ ಬ್ಯಾಡ್ರಿ" ಅಂದರು. ಆದ್ದರಿಂದ ಆ ಮೊಬಲಗನ್ನು ಇನ್ನೂ ಅನಾಮತ್ ಖಾತೆಯಲ್ಲಿಯೇ ಇಟ್ಟಿದ್ದೇನೆ.