ಕಂಡದ್ದೆಷ್ಟು, ಅಂದುಕೊಂಡದ್ದೆಷ್ಟು

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಇನ್ನೊಬ್ಬರ ಮೇಲೆ ಬಳಸುತ್ತೇವೆ. ಮನಸ್ಸಿನೊಳಗಿನ ಯೋಚನೆ ಹೊರಗಿನ ಜಗತ್ತಿಗೆ ಎಷ್ಟು ಬಣ್ಣ ಬಳಿಯುತ್ತದೆ ಎಂಬುದನ್ನು ಕತಾರಿನಲ್ಲಿದ್ದವರು 2017ರಲ್ಲಿ ಹತ್ತಿರದಿಂದ ಕಂಡರು.

ಆ ವರ್ಷ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೇನ್ ಮತ್ತು ಈಜಿಪ್ಟ್ ಕತಾರಿನೊಡನೆ ಸಂಬಂಧ ಕಡಿದುಕೊಂಡವು. ದೇಶಕ್ಕಿದ್ದ ಒಂದೇ ಭೂಗಡಿ ಮುಚ್ಚಿತು. ರಂಜಾನ್ ತಿಂಗಳು ಬೇರೆ. ದೋಹಾದ ಸೂಪರ್ ಮಾರ್ಕೆಟ್ಟುಗಳಲ್ಲಿ ಹಾಲು, ಕೋಳಿಮಾಂಸದ ಕಪಾಟುಗಳು ಬರಿದಾದವು. ನಾವಿರುವ ಅಲ್ ಹಿಲಾಲ್‌ನಲ್ಲಿ ಒಂದೇ ಖಾಲಿ ಕಪಾಟನ್ನು ನೋಡಿದವರು ಎರಡು ಮಾತಾಡಿದರು. 1990ರ ಕುವೈತಿನ ಕಥೆ ಕೇಳಿ ಬೆಳೆದವರಿಗೆ ಅದು ಊರಿಗೆ ಓಡುವ ಸೂಚನೆ. ಹೆಂಡತಿ ಮಕ್ಕಳ ಟಿಕೆಟ್ಟಿನ ವಿಚಾರ ಶುರುವಾಯಿತು. ಇನ್ನು ಕೆಲವರಿಗೆ ತಿಂಗಳ ಸಾಮಾನು ಒಂದೇ ದಿನ ಮಾರಾಟವಾದ ಲೆಕ್ಕ, ಅಷ್ಟೇ. (ಊರಲ್ಲಿ ಟಿವಿ ಮುಂದೆ ಕುಳಿತ ಅಮ್ಮಂದಿರಿಗಂತೂ ಇಲ್ಲಿದ್ದ ನಮಗಿಂತ ಹೆಚ್ಚು ಕಂಡಿತ್ತು!) ಕೆಲವೇ ದಿನಗಳಲ್ಲಿ ಟರ್ಕಿಯ ಹಾಲು ಬಂತು, ಜುಲೈಯಲ್ಲಿ ವಿಮಾನದಲ್ಲಿ ಹಸುಗಳೇ ಬಂದವು.

ಹಾಗೆಂದು ‘ಯದ್ಭಾವಂ ತದ್ಭವತಿ’ ಎನ್ನಲು ನನ್ನ ಲೆಕ್ಕಿಗನ ಬುದ್ಧಿ ಒಪ್ಪುವುದಿಲ್ಲ. ನಮ್ಮ ಯಾರ ಭಯದಿಂದಲೂ ಗಡಿ ಮುಚ್ಚಲಿಲ್ಲ, ಯಾರ ಧೈರ್ಯದಿಂದಲೂ ತೆರೆಯಲಿಲ್ಲ. ಅದಕ್ಕೆ 2021ರ ಜನವರಿ ಬರಬೇಕಾಯಿತು. ಆದರೆ ಕಪಾಟು ಅಷ್ಟು ಬೇಗ ಬರಿದಾದದ್ದು ಮಾತ್ರ ಭಯದಿಂದಲೇ. ನಾಳೆ ಸಿಗುವುದಿಲ್ಲ ಎಂದುಕೊಂಡವರು ಎರಡರಷ್ಟು ಕೊಂಡರು, ಹಿಂದೆ ನಿಂತವರಿಗೆ ಇವತ್ತೇ ಸಿಗಲಿಲ್ಲ. ಭಯ ತನಗೆ ಬೇಕಾದ ಸಾಕ್ಷಿಯನ್ನು ತಾನೇ ತಯಾರಿಸಿಕೊಂಡಿತು.

ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುವ ದೃಷ್ಟಾಂತವನ್ನು ವೇದಾಂತಿಗಳು ಕೊಡುತ್ತಾರೆ. ದೀಪ ತಂದರೆ ಹಾವು ಮಾಯ. ನನ್ನ ತಕರಾರು ಇಷ್ಟೇ: ಹೆದರಿದವನು ದೀಪ ಹಿಡಿದು ಹತ್ತಿರ ಹೋಗುವುದಾದರೂ ಯಾಕೆ? ಒಳಗಿನ ಯೋಚನೆ ಕಂಡದ್ದಕ್ಕೆ ಬಣ್ಣ ಹಚ್ಚುವುದಷ್ಟೇ ಅಲ್ಲ, ಎಲ್ಲಿ ನೋಡಬೇಕು, ಎಲ್ಲಿ ನೋಡುವುದು ಬೇಡ ಎಂಬುದನ್ನೂ ನಿರ್ಧರಿಸುತ್ತದೆ. ಆಡಿಟ್ ಕಸುಬಿನವರಿಗೆ ಇದು ಗೊತ್ತು. ಆಡಿಟರ್ ತಾನು ನಂಬಿದ ಕ್ಲೈಂಟಿನ ವೋಚರುಗಳನ್ನು ಕಡಿಮೆ ತೆಗೆದು ನೋಡುತ್ತಾನೆ. ತಪ್ಪು ಕಡಿಮೆ ಸಿಗುತ್ತದೆ. ನಂಬಿಕೆ ಇನ್ನಷ್ಟು ಬಲಿಯುತ್ತದೆ. ನಮ್ಮ ದೇಶದ 2013ರ ಕಂಪನಿ ಕಾಯಿದೆ ಲಿಸ್ಟೆಡ್ ಕಂಪನಿಗಳ ಆಡಿಟ್ ಸಂಸ್ಥೆಗೆ ಸತತ 10 ವರ್ಷಗಳ ಮಿತಿ ಹಾಕಿದೆ. ಕಣ್ಣು ತೊಳೆದುಕೊಳ್ಳಿ ಎಂದು ಉಪದೇಶ ಮಾಡುವ ಬದಲು ಕಣ್ಣನ್ನೇ ಬದಲಿಸಿಬಿಟ್ಟಿತು. ಜಾಣ ಕಾಯಿದೆ.

ಅಣ್ಣತಮ್ಮಂದಿರ ನಡುವೆ ಇಂಥದ್ದೊಂದು ಕಾಯಿದೆ ಇಲ್ಲ. ಊರಿನ ಫೋನ್ ಬರುವುದೇ ದುಡ್ಡಿಗೆ ಎಂದು ತೀರ್ಮಾನಿಸಿದ ಗಲ್ಫಿನ ಅಣ್ಣ ಎರಡು ಮಾತಿಗೇ ಫೋನ್ ಇಡುತ್ತಾನೆ. ತಮ್ಮನೂ ಮಳೆಯ ಸುದ್ದಿ, ಅಡಿಕೆಯ ಸುದ್ದಿ, ಮಗಳ ಮಾರ್ಕ್ಸಿನ ಸುದ್ದಿ ಹೇಳುವುದನ್ನು ಒಂದೊಂದಾಗಿ ಬಿಡುತ್ತಾನೆ. ಕೊನೆಗೆ ಅವನು ಫೋನ್ ಮಾಡುವುದು ದುಡ್ಡು ಬೇಕಾದಾಗ ಮಾತ್ರ.